ನೀಲಿಯಾಗಿ ಹೊಳೆದ ನೋಟು

ಪ್ರಶ್ನೆ: ಬದಿಯಡ್ಕದಲ್ಲಿ ನನ್ನದೊಂದು ದಿನಸಿ ಅಂಗಡಿಯಿದೆ. ಗಿರಾಕಿ ಕೊಟ್ಟ 500 ರೂಪಾಯಿಯ ನೋಟು ನೇರಳಾತೀತ ಟಾರ್ಚಿನಡಿ ನೀಲಿಯಾಗಿ ಹೊಳೆಯಿತು. ನೋಟು ಪರೀಕ್ಷಿಸುವ ಪೆನ್ನಿನ ಗೆರೆಯೂ ಕಪ್ಪಾಯಿತು. ಅದು ನಕಲಿಯೇ?

ಉತ್ತರ: ಪ್ರತಿ ಮಳೆಗಾಲದಲ್ಲೂ ಈ ಪ್ರಶ್ನೆ ಬರುತ್ತದೆ, ಏಕೆಂದರೆ ಟಾರ್ಚು, ಪೆನ್ನು ಮಾರುವವರು ಅರ್ಧ ಸಂಗತಿಯನ್ನಷ್ಟೇ ಹೇಳಿ ಹೋಗುತ್ತಾರೆ. ನೋಟಿನ ಕಾಗದ ಪೂರ್ತಿ ಹತ್ತಿಯದು. ಅದಕ್ಕೆ ಬಿಳುಪಿನ ಹೊಳಪುಕಾರಕ ಬೆರೆಸದ ಕಾರಣ ಟಾರ್ಚಿನಡಿ ಮಂಕಾಗಿರುತ್ತದೆ, ಜೆರಾಕ್ಸ್ ಕಾಗದ ಬೆಳಗುತ್ತದೆ. ಆದರೆ ಬಟ್ಟೆ ಒಗೆಯುವ ಪುಡಿಗಳಲ್ಲಿಯೂ ಅಂಥದೇ ಹೊಳಪುಕಾರಕವಿರುವುದರಿಂದ, ಜೇಬಿನಲ್ಲಿ ಮರೆತು ಒಗೆದ ಅಸಲಿ ನೋಟು ಬಿಳಿ ಅಂಗಿಯಂತೆಯೇ ಅದನ್ನು ಹೀರಿಕೊಂಡು ಹೊಳೆಯುತ್ತದೆ. ಪೆನ್ನಿನಲ್ಲಿರುವ ಅಯೋಡಿನ್ ಗುರುತಿಸುವುದು ಪಿಷ್ಟವನ್ನು ಮಾತ್ರ. ಗಂಜಿ ಹಾಕಿದ ಮುಂಡಿನ ಜೊತೆ ನೆನೆದ ಅಸಲಿ ನೋಟಿನ ಮೇಲೂ ಗೆರೆ ಕಪ್ಪಾದೀತು, ಪಿಷ್ಟವಿಲ್ಲದ ಕಾಗದದ ನಕಲಿ ನೋಟು ಪಾರಾದೀತು.

ಪ್ರಯೋಗಾಲಯದಲ್ಲಿ ಕೆಲವೇ ನಾರುಗಳನ್ನು ಬಿಡಿಸಿ, ಹರ್ಜ್‌ಬರ್ಗ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಡಿ ನೋಡುತ್ತೇವೆ: ಹತ್ತಿ ದ್ರಾಕ್ಷಾರಸದ ಕೆಂಪಾಗುತ್ತದೆ, ರಾಸಾಯನಿಕದಲ್ಲಿ ಬೇಯಿಸಿದ ಮರದ ತಿರುಳು ನೀಲಿಯಾಗುತ್ತದೆ, ಬರಿದೇ ಅರೆದ ತಿರುಳು ಹಳದಿಯಾಗುತ್ತದೆ. ತಿರುಚಿದ ಪಟ್ಟಿಯಂಥ ಹತ್ತಿ ನಾರಿನ ಆಕಾರವನ್ನು ಯಾವ ಸಾಬೂನೂ ಮರದ ನಾರಾಗಿಸದು.

ಅಂಗಡಿಯಲ್ಲಿ ನಿಮಗೆ ಬಾಗಿಲ ಬೆಳಕೇ ಸಾಕು. ಗಾಂಧೀಜಿಯ ಜಲಚಿಹ್ನೆ, ಕಾಗದ ಹಸಿಯಿರುವಾಗಲೇ ನಾರಿನ ದಪ್ಪ ತೆಳುವಿನಿಂದ ಮೂಡಿದ್ದರಿಂದ, ಬೆಳಕಿಗೆ ಹಿಡಿದಾಗ ನೆರಳು ನೆರಳಾಗಿ ಕಾಣುತ್ತದೆ; ಮೇಜಿನ ಮೇಲಿಟ್ಟಾಗಲೇ ಎದ್ದು ಕಂಡರೆ ಅದನ್ನು ಮೇಲಿಂದ ಮುದ್ರಿಸಿರಬಹುದೆಂದು ಶಂಕಿಸಿ. ಈಗಿನ 500ರ ನೋಟಿನ ಭದ್ರತಾ ದಾರ ಓರೆ ಮಾಡಿದಾಗ ಹಸಿರಿನಿಂದ ನೀಲಿಗೆ ತಿರುಗಬೇಕು. ಆಮೇಲೂ ಸಂಶಯ ಉಳಿದರೆ ಬ್ಯಾಂಕಿಗೆ ಒಯ್ಯಿರಿ. ನಕಲಿಯಾದರೆ ಮುದ್ರೆ ಹಾಕಿ ಮುಟ್ಟುಗೋಲು ಹಾಕಿಕೊಂಡು ರಸೀದಿ ಕೊಡುತ್ತಾರೆ, ಹಣ ಮರಳುವುದಿಲ್ಲ. ಆ ನಷ್ಟಕ್ಕೆ ಹೆದರಿ, ನಕಲಿಯೆಂದು ತಿಳಿದೂ ಇನ್ನೊಬ್ಬರ ಕೈಗೆ ದಾಟಿಸಬೇಡಿ. ಅದು ಭಾರತೀಯ ನ್ಯಾಯ ಸಂಹಿತೆಯ 179ನೇ ಸೆಕ್ಷನ್ನಿನಡಿ ಗಂಭೀರ ಅಪರಾಧ. ಸಂಜೆ ಮೀನು ಮಾರುವ ಹೆಂಗಸಿಗೆ ಅಂಥ ನೋಟು ದಾಟಿಸಿದವರನ್ನು ನಾನು ಕ್ಷಮಿಸಲಾರೆ.

ಪ್ರಶ್ನೆ: ಸಂಖ್ಯೆಯ ನಡುವೆ ನಕ್ಷತ್ರವಿರುವ ನೋಟು ನಡೆಯುತ್ತದೆಯೇ? (ಉಪ್ಪಳ)

ಉತ್ತರ: ನಡೆಯುತ್ತದೆ, ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಸೇರಿಸಿದ್ದು ಅದು.

ಪ್ರಶ್ನೆ: ನೋಟಿನೊಳಗೆ ಚಿಪ್ ಇದೆಯೇ? (ಮುಳ್ಳೇರಿಯ)

ಉತ್ತರ: ಇಲ್ಲ. 2016ರಲ್ಲಿ ಹಬ್ಬಿದ ಈ ಸುಳ್ಳನ್ನು ದಯವಿಟ್ಟು ಮತ್ತೆ ಕೇಳಬೇಡಿ.

ಪ್ರಶ್ನೆ: ಕಪ್ಪು ಕಾಗದವನ್ನು ದ್ರಾವಣದಲ್ಲಿ ತೊಳೆದು ನೋಟು ಮಾಡಿಕೊಡುವವರಿಗೆ ಮುಂಗಡ ಕೊಡಬಹುದೇ? (ಕುಂಬಳೆ)

ಉತ್ತರ: ಅವರು ಅಪ್ಪಟ ವಂಚಕರು, ಒಂದು ರೂಪಾಯಿಯನ್ನೂ ಕೊಡದೆ ಇಂದೇ ಪೊಲೀಸರಿಗೆ ತಿಳಿಸಿ.