ಟೆಸ್ಟ್ ಟ್ಯೂಬ್ ಹಿಡಿಯದವಳಿಗೆ ಪ್ರಶಸ್ತಿ ಯಾಕೆ?

ಕುಮಟಾದಿಂದ ನಿವೃತ್ತ ವಿಜ್ಞಾನ ಮಾಸ್ತರರೊಬ್ಬರು ಬರೆದಿದ್ದಾರೆ: “ನನ್ನ ತಂಗಿಯ ಮಗಳು ಅಮೆರಿಕದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ವಿಷಯ ಕಂಪ್ಯೂಟೇಷನಲ್ ಕೆಮಿಸ್ಟ್ರಿ. ಈಗ ಅವಳಿಗೆ ವಿದ್ಯಾರ್ಥಿ ಸಂಶೋಧಕರ ಪ್ರಶಸ್ತಿ ಬಂದಿದೆಯಂತೆ. ಕೊಟ್ಟದ್ದು ಸಮ್ಮೇಳನಕ್ಕೆ ಹೋಗಿಬರುವ ಖರ್ಚು. ಪ್ರಯೋಗಾಲಯಕ್ಕೇ ಕಾಲಿಡದವಳಿಗೆ ರಸಾಯನಶಾಸ್ತ್ರದ ಪ್ರಶಸ್ತಿ ಯಾಕೆ? ಪದವಿ ಮುಗಿಯುವ ಮೊದಲೇ ಹೊಗಳಿದರೆ ಮಕ್ಕಳ ತಲೆ ತಿರುಗುವುದಿಲ್ಲವೇ?”

ಮಾಸ್ತರೇ,

ಪತ್ರ ಬಂದ ದಿನವೇ ಉತ್ತರ ಬರೆಯಲು ಕೂತೆ. ಈ ವಿಷಯ ಬಹಳ ವರ್ಷದಿಂದ ನನ್ನ ಮನಸ್ಸಿನಲ್ಲಿ ಕುದಿಯುತ್ತಿದೆ. ಒಪ್ಪುವಂಥ ಮಾತನ್ನು ಮೊದಲು ಒಪ್ಪಿಬಿಡುತ್ತೇನೆ. ಕಂಪ್ಯೂಟರ್ ಹೇಳಿದ್ದೆಲ್ಲ ನಿಜ ಆಗಬೇಕಿಲ್ಲ, ಕೊನೆಗೆ ಪ್ರಯೋಗದ ಜೊತೆ ತಾಳೆ ನೋಡಲೇಬೇಕು. ಅದು ಸರಿ. ಉಳಿದದ್ದಕ್ಕೆಲ್ಲ ನನ್ನ ತಕರಾರಿದೆ.

ನಿಮಗೆ ಉಪ್ಪಾಗೆ ಗೊತ್ತು. ಸಿರ್ಸಿ, ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಕಾಡಿಗೆ ಹೋಗಿ ಹಣ್ಣು ತಂದು, ಸಿಪ್ಪೆ ಬಿಡಿಸಿ, ಬೆಂಕಿಯ ಮೇಲೆ ಒಣಗಿಸುತ್ತಾರಲ್ಲ, ಅದೇ. ಆ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ. ನಮ್ಮ ಮೈಯಲ್ಲಿ ಸಕ್ಕರೆ ಕೊಬ್ಬಾಗುವ ದಾರಿಯಲ್ಲಿ ಎಟಿಪಿ ಸಿಟ್ರೇಟ್ ಲೈಯೇಸ್ ಎಂಬ ಒಂದು ಕಿಣ್ವ ಕೆಲಸ ಮಾಡುತ್ತದೆ, ಈ ಆಮ್ಲ ಹೋಗಿ ಅದನ್ನು ತಡೆಯುತ್ತದೆ. ತೂಕ ಇಳಿಸುವ ಮಾತ್ರೆಯವರು ನಮ್ಮ ಸಿಪ್ಪೆಯ ಹಿಂದೆ ಬಿದ್ದದ್ದು ಇದಕ್ಕೇ. ಮಾತ್ರೆಯಿಂದ ತೂಕ ಇಳಿಯುತ್ತದೋ ಇಲ್ಲವೋ, ಅದು ಬೇರೆ ಮಾತು. ಆದರೆ ಒಂದು ಅಣು ಕಿಣ್ವದ ಯಾವ ಸಂದಿಗೆ ಹೋಗಿ, ಯಾವ ಕಡೆ ಮುಖ ಮಾಡಿ, ಎಷ್ಟು ಗಟ್ಟಿಯಾಗಿ ಕೂರುತ್ತದೆ? ಟೆಸ್ಟ್ ಟ್ಯೂಬ್ ಅಲ್ಲಾಡಿಸಿದರೆ ಅದು ಕಾಣುವುದಿಲ್ಲ. ಲೆಕ್ಕ ಹಾಕಿ ನೋಡಬೇಕು. ಇಂಥ ಲೆಕ್ಕವೇ ಕಂಪ್ಯೂಟೇಷನಲ್ ಕೆಮಿಸ್ಟ್ರಿ.

ಅದೇನು ಸಣ್ಣ ಲೆಕ್ಕವೇ? ಪರಮಾಣುಗಳ ಓಡಾಟವನ್ನು ಹೆಜ್ಜೆ ಹೆಜ್ಜೆಯಾಗಿ ಹಿಡಿಯುತ್ತಾರೆ. ಒಂದು ಹೆಜ್ಜೆ ಅಂದರೆ ಒಂದೋ ಎರಡೋ ಫೆಮ್ಟೊಸೆಕೆಂಡ್. ಸೆಕೆಂಡನ್ನು 10 ಲಕ್ಷ ಚೂರು ಮಾಡಿ, ಅದರಲ್ಲಿ ಒಂದು ಚೂರನ್ನು ಮತ್ತೆ 100 ಕೋಟಿ ಚೂರು ಮಾಡಿದರೆ ಒಂದು ಫೆಮ್ಟೊಸೆಕೆಂಡ್ ಸಿಗುತ್ತದೆ. ಹಾಗಾಗಿ ಒಂದೇ ಒಂದು ಮೈಕ್ರೊಸೆಕೆಂಡ್, ಅಂದರೆ ಸೆಕೆಂಡಿನ 10 ಲಕ್ಷ ಚೂರಿನಲ್ಲಿ ಒಂದು ಚೂರು, ದಾಟಬೇಕಾದರೂ 50ರಿಂದ 100 ಕೋಟಿ ಹೆಜ್ಜೆ ಬೇಕು. ಒಂದೊಂದು ಹೆಜ್ಜೆಗೂ ಸಾವಿರಾರು ಪರಮಾಣುಗಳು ಒಂದನ್ನೊಂದು ಎಳೆಯುವುದು, ತಳ್ಳುವುದು ಎಲ್ಲ ಹೊಸದಾಗಿ ಲೆಕ್ಕ ಆಗಬೇಕು. ಯಂತ್ರ ಲೆಕ್ಕ ಮಾಡುತ್ತದೆ, ನಿಜ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ಬಂದ ಉತ್ತರ ನಂಬಬಹುದೋ ಇಲ್ಲವೋ, ಇದನ್ನೆಲ್ಲ ಯೋಚಿಸಬೇಕಾದವಳು ನಿಮ್ಮ ತಂಗಿಯ ಮಗಳು. ಎರಡು ವಾರ ಓಡಿದ ಲೆಕ್ಕ ಒಂದು ತಪ್ಪು ಅಂಕೆಯಿಂದ ಹಾಳಾಗಿ ಮತ್ತೆ ಮೊದಲಿಂದ ಶುರು ಮಾಡುವ ಸಂಕಟ ಆ ಮಕ್ಕಳಿಗೇ ಗೊತ್ತು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಪದವಿ ಮುಗಿಯುವ ಮೊದಲು ಹೊಗಳಬಾರದು ಅಂತೀರಿ. 1960ರ ದಶಕದ ಕೊನೆಯಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಶ್ನಿಯೋರ್ ಲಿಫ್ಸನ್ ಅವರ ಕೈಕೆಳಗೆ ಇಬ್ಬರು ಹುಡುಗರಿದ್ದರು. ಅರಿಯೆ ವಾರ್ಶೆಲ್ ಪಿಎಚ್‌.ಡಿ. ವಿದ್ಯಾರ್ಥಿ. ಮೈಕೆಲ್ ಲೆವಿಟ್ ಪಿಎಚ್‌.ಡಿ.ಗೆ ಇನ್ನೂ ಸೇರಿಯೇ ಇರಲಿಲ್ಲ. ಅಣುಗಳ ಲೆಕ್ಕಕ್ಕೆ ಆಗ ಅಲ್ಲಿ ಬರೆದ ಪ್ರೋಗ್ರಾಮಿನ ಬೇರಿನಿಂದ ಈ ವಿದ್ಯೆಯ ಎಷ್ಟೋ ಕೊಂಬೆ ಚಿಗುರಿವೆ. ಇಬ್ಬರಿಗೂ ಮಾರ್ಟಿನ್ ಕಾರ್ಪ್ಲಸ್ ಜೊತೆ ನೊಬೆಲ್ ಬಂದದ್ದು 2013ರಲ್ಲಿ. ಅಷ್ಟರಲ್ಲಿ ನಲವತ್ತು ವರ್ಷಕ್ಕೂ ಜಾಸ್ತಿ ಆಗಿತ್ತು! ಕಂಪ್ಯೂಟರಿನಿಂದ ಪ್ರೋಟೀನಿನ ಆಕಾರ ಊಹಿಸುವ ದಾರಿ ಮಾಡಿದ ಜಾನ್ ಜಂಪರ್ ಕಥೆಯನ್ನೂ ನೋಡಿ. ಪ್ರೋಟೀನ್ ಲೆಕ್ಕಕ್ಕೆಂದೇ ದೊಡ್ಡ ಯಂತ್ರ ಕಟ್ಟಿಕೊಂಡ ಕಡೆ ಕೆಲಸ ಮಾಡಿ, ಆಮೇಲೆ ಪಿಎಚ್‌.ಡಿ.ಗೆಂದು ಷಿಕಾಗೋಕ್ಕೆ ಬಂದರೆ ಅಲ್ಲಿ ಅಷ್ಟು ದೊಡ್ಡ ಯಂತ್ರ ಇಲ್ಲ. ಇದ್ದದ್ದರಲ್ಲೇ ಜಾಣತನದಿಂದ ಲೆಕ್ಕ ಮಾಡುವ ದಾರಿ ಹುಡುಕಿದರು. 2017ರಲ್ಲಿ ಪಿಎಚ್‌.ಡಿ. ಮುಗಿಯಿತು, 2024ರಲ್ಲಿ ನೊಬೆಲ್. ಅಂದರೆ ನಿಜವಾದ ಕೆಲಸ ಹುಡುಗಾಟದ ವಯಸ್ಸಿನಲ್ಲೇ ಶುರುವಾಗಿರುತ್ತದೆ, ಮಾಸ್ತರೇ. ಆಗ ಬೆನ್ನು ತಟ್ಟದೆ ಇನ್ಯಾವಾಗ ತಟ್ಟುವುದು?

ಸಮ್ಮೇಳನದ ಖರ್ಚು ಅಂತ ಹಗುರಾಗಿ ಬರೆದಿದ್ದೀರಿ. ಅಮೆರಿಕನ್ ಕೆಮಿಕಲ್ ಸೊಸೈಟಿ ವರ್ಷಕ್ಕೆ ಎರಡು ದೊಡ್ಡ ಸಮ್ಮೇಳನ ನಡೆಸುತ್ತದೆ. ಅದರಲ್ಲಿ ಕಂಪ್ಯೂಟರ್ ರಸಾಯನಶಾಸ್ತ್ರಕ್ಕೇ ಒಂದು ವಿಭಾಗ ಇದೆ, ವಿದ್ಯಾರ್ಥಿಗಳಿಗೆ ಇಂಥ ಪ್ರಶಸ್ತಿ ಕೊಡುತ್ತದೆ. ಹುಡುಗಿ ತನ್ನ ಸಂಶೋಧನೆಯ ಪೋಸ್ಟರ್ ಮುಂದೆ ನಿಲ್ಲುತ್ತಾಳೆ. ಅವಳು ಯಾರ ಪ್ರಬಂಧ ಓದಿ ಕಲಿತಳೋ ಅವರೇ ಎದುರು ಬಂದು “ಇದು ಹೇಗೆ ಮಾಡಿದೆ?” ಅಂತ ಕೇಳಬಹುದು. ಅಲ್ಲಿ ತಲೆ ತಿರುಗಲು ಪುರುಸೊತ್ತೇ ಇರುವುದಿಲ್ಲ. ಉತ್ತರ ಹೇಳಬೇಕು.

ನಮ್ಮಲ್ಲಿ? ಹೋದ ವರ್ಷ ನಮ್ಮ ಜಿಲ್ಲೆಯದೇ ಒಂದು ಸಮಾರಂಭದಲ್ಲಿ ನಾನೂ ವೇದಿಕೆಯ ಮೇಲಿದ್ದೆ. ಆರು ಜನಕ್ಕೆ ಶಾಲು, ಹಣ್ಣು ಕಾಯಿ, ಫಲಕ. ಆರೂ ಜನ 65 ದಾಟಿದವರು. ದೊಡ್ಡವರು, ಗೌರವ ಸಲ್ಲಬೇಕಾದವರೇ. ಪ್ರಾರ್ಥನೆ ಹಾಡಿದ ಹುಡುಗಿ ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದಳು. ಏನು ಪ್ರಾಜೆಕ್ಟ್ ಅಂತ ಕೇಳಿದರೆ, “ಇಲ್ಲಿ ಯಾರೂ ಕೇಳಿರಲಿಲ್ಲ ಸರ್” ಅಂತ ಗಾಬರಿಯಾದಳು. ನನ್ನ ಅಣ್ಣನ ಮಗ ಸಂಶೋಧನಾ ವಿದ್ಯಾರ್ಥಿವೇತನ ಸಿಗುವ ಜೆಆರ್‌ಎಫ್ ಪರೀಕ್ಷೆ ಪಾಸು ಮಾಡಿದ. 2023ರ ಜನವರಿಯಿಂದ ಆ ವೇತನ ತಿಂಗಳಿಗೆ 37,000 ರೂಪಾಯಿ ಆಗಿದೆ, ಒಳ್ಳೆಯದೇ. ಆದರೆ ಅವನ ಕೈಗೆ ಐದು ತಿಂಗಳು ದುಡ್ಡೇ ಬರಲಿಲ್ಲ, ರೂಮ್ ಬಾಡಿಗೆ ಅಣ್ಣ ಅಡಕೆ ಮಾರಿ ಕಳಿಸಿದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ 3.3 ಪೆಟಾಫ್ಲಾಪ್ಸ್ ಶಕ್ತಿಯ, ಅಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ ಮಾಡಬಲ್ಲ, ಪರಮ್ ಪ್ರವೇಗ ಎಂಬ ಸೂಪರ್‌ಕಂಪ್ಯೂಟರ್ ಇದೆ. ನಾನು ನೋಡಿದ ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್‌ಗಳ ಮೇಲೆ ಬಟ್ಟೆ ಹೊದಿಸಿ ಕೋಣೆಗೆ ಬೀಗ ಹಾಕಿದ್ದರು. ಮಕ್ಕಳು ಹಾಳು ಮಾಡುತ್ತಾರಂತೆ. ಮಾಡಲಿ ಬಿಡಿ! ಹಾಳು ಮಾಡದೆ ಕಲಿತವರು ಯಾರಿದ್ದಾರೆ?

ಮೂವತ್ತು ವರ್ಷ ಮಕ್ಕಳಿಗೆ ಆವರ್ತ ಕೋಷ್ಟಕ ಬಾಯಿಪಾಠ ಮಾಡಿಸಿದೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದರಲ್ಲಿ ಒಬ್ಬಳು ನಿಮ್ಮ ಮನೆಯ ಜಗಲಿಯಲ್ಲೇ ಕೂತು ಕಲಿತವಳು, ಅಲ್ವಾ? ಹಾಗಾದರೆ ಈ ಪ್ರಶಸ್ತಿಯಲ್ಲಿ ನಿಮ್ಮದೂ ಒಂದು ಪಾಲಿದೆ. ಇವತ್ತೇ ಫೋನ್ ಮಾಡಿ, ಅವಳ ಕೆಲಸ ಏನು ಅಂತ ಒಂದು ತಾಸು ಕೂತು ಕೇಳಿ. ರಜೆಗೆ ಬಂದಾಗ ಕಾರವಾರಕ್ಕೆ ಕರೆದುಕೊಂಡು ಬನ್ನಿ. ನಮ್ಮ ಪತ್ರಿಕೆಯಲ್ಲಿ ಅವಳಿಗೆ ನಾಲ್ಕು ಪುಟ ಇಟ್ಟಿದ್ದೇನೆ, ಕನ್ನಡದಲ್ಲೇ ಬರೆಯಲಿ. ಆ ಪೋಸ್ಟರನ್ನೂ ತರಲಿ, ನೀವು ಕಲಿಸಿದ ಶಾಲೆಯ ಗೋಡೆಗೆ ಹಾಕೋಣ. ಸುರುಳಿ ಸುತ್ತಿಯೇ ತರಲು ಹೇಳಿ, ಮಡಚಿದರೆ ಗೆರೆ ಬೀಳುತ್ತದೆ.