ಆಕ್ಟಿವ್, ಪ್ಯಾಸಿವ್ ಲೇಖನ ಕಳಿಸಿದವರಿಗೆ

ನಮಸ್ಕಾರ.

ಇಂಗ್ಲಿಷಿನ ಆಕ್ಟಿವ್ ಮತ್ತು ಪ್ಯಾಸಿವ್ ವಾಯ್ಸ್ (ಕರ್ತರಿ, ಕರ್ಮಣಿ ಪ್ರಯೋಗ) ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ನೇರವಾಗಿ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ನಿಮ್ಮ ಬರವಣಿಗೆ ಸರಳವಾಗಿದೆ, ವ್ಯಾಕರಣ ಅಂದರೆ ಹೆದರುವವರನ್ನೂ ಓದಿಸಿಕೊಂಡು ಹೋಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಲೇಖನದ ಮುಕ್ಕಾಲು ಭಾಗ ಆಕ್ಟಿವ್ ವಾಕ್ಯವನ್ನು ಪ್ಯಾಸಿವ್ ಮಾಡುವ ಬರೀ ಪಟ್ಟಿ. ಕರ್ಮವನ್ನು ಮುಂದೆ ತನ್ನಿ, ‘ಈಸ್’, ‘ವಾಸ್’ ಹಾಕಿ, ಕ್ರಿಯಾಪದದ ಮೂರನೇ ರೂಪ ಬರೆಯಿರಿ, ಕೊನೆಗೆ ‘ಬೈ’ ಸೇರಿಸಿ. ಇಷ್ಟು ಯಾವ ಗೈಡಿನಲ್ಲಾದರೂ ಸಿಗುತ್ತದೆ. ಇದನ್ನು ಓದಿದವರಿಗೆ ಪರೀಕ್ಷೆಯಲ್ಲಿ ಅಂಕ ಬರಬಹುದು. ಆದರೆ ಒಂದು ಇಮೇಲ್ ಬರೆಯಲು ಕೂತಾಗ ಯಾವುದನ್ನು ಎಲ್ಲಿ ಬಳಸಬೇಕು ಅನ್ನುವುದು ತಿಳಿಯುವುದಿಲ್ಲ. ಆ ಬಗ್ಗೆ ನೀವು ಹೇಳಿರುವುದು ಒಂದೇ ಮಾತು: ಪ್ಯಾಸಿವ್ ಸಪ್ಪೆ, ಆದಷ್ಟು ಬಳಸಬೇಡಿ. ಇದನ್ನು ನಾನು ಒಪ್ಪುವುದಿಲ್ಲ.

ನಿಮ್ಮದೇ ಉದಾಹರಣೆ ನೋಡಿ. ‘ಫ್ಲೆಮಿಂಗ್ ಡಿಸ್ಕವರ್ಡ್ ಪೆನಿಸಿಲಿನ್ ಇನ್ 1928.’ ಅದರ ಕೆಳಗೆ ‘ಪೆನಿಸಿಲಿನ್ ವಾಸ್ ಡಿಸ್ಕವರ್ಡ್ ಬೈ ಫ್ಲೆಮಿಂಗ್ ಇನ್ 1928.’ ಎರಡರ ಅರ್ಥವೂ ಒಂದೇ ಎಂದು ಬರೆದು ಮುಂದೆ ಹೋಗಿದ್ದೀರಿ. ಅಲ್ಲೇ ಸ್ವಲ್ಪ ನಿಲ್ಲಬೇಕಿತ್ತು. ಫ್ಲೆಮಿಂಗ್ ಅವರ ಬದುಕಿನ ಬಗ್ಗೆ ಬರೆಯುತ್ತಿದ್ದರೆ ಮೊದಲನೆಯದೇ ಸರಿ. ಆದರೆ ಹಿಂದಿನ ವಾಕ್ಯ ಪೆನಿಸಿಲಿನ್ ಬಗ್ಗೆ ಇದ್ದರೆ, ಎರಡನೆಯದೇ ಚೆನ್ನ. ಓದುಗರ ಗಮನ ಆಗಲೇ ಪೆನಿಸಿಲಿನ್ ಮೇಲಿದೆ. ಅಲ್ಲಿಂದಲೇ ಶುರು ಮಾಡಿದರೆ ಓದು ಎಡವುವುದಿಲ್ಲ.

ಕನ್ನಡದಲ್ಲಿ ಈ ಕೆಲಸ ಸಲೀಸು. ‘ಪೆನಿಸಿಲಿನ್ನನ್ನು ಫ್ಲೆಮಿಂಗ್ ಕಂಡುಹಿಡಿದರು’ ಅಂದರೆ ಮುಗಿಯಿತು. ‘ಅನ್ನು’ ಜೊತೆಗಿರುವುದರಿಂದ ಕರ್ಮ ಎಲ್ಲಿದ್ದರೂ ಗೊಂದಲವಿಲ್ಲ. ಇಂಗ್ಲಿಷಿಗೆ ಆ ಅನುಕೂಲ ಇಲ್ಲ. ‘ದಿ ಡಾಗ್ ಬಿಟ್ ದಿ ಮ್ಯಾನ್’ ಎಂಬಲ್ಲಿ ಎರಡರ ಜಾಗ ಅದಲುಬದಲು ಮಾಡಿದರೆ ಮನುಷ್ಯನೇ ನಾಯಿಯನ್ನು ಕಚ್ಚಿದಂತಾಗುತ್ತದೆ. ಅರ್ಥ ಕೆಡದೆ ‘ಮ್ಯಾನ್’ ಮುಂದೆ ಬರಬೇಕಾದರೆ ಪ್ಯಾಸಿವ್ ಬೇಕೇ ಬೇಕು. ಕನ್ನಡದ ಓದುಗರಿಗೆ ಹೇಳಬೇಕಾದ ಮುಖ್ಯ ವಿಷಯ ಇದೇ, ನಿಮ್ಮ ಲೇಖನದಲ್ಲಿ ಇದೇ ಇಲ್ಲ. ಅದರ ಬದಲು ‘ಫ್ಲೆಮಿಂಗ್‌ನಿಂದ ಪೆನಿಸಿಲಿನ್ ಕಂಡುಹಿಡಿಯಲ್ಪಟ್ಟಿತು’ ಎಂದು ಬರೆದಿದ್ದೀರಿ. ಹೀಗೆ ಯಾರೂ ಮಾತಾಡುವುದಿಲ್ಲ, ಅಲ್ವಾ?

ಇನ್ನೊಂದು. ‘ರಸ್ತೆ ಮುಚ್ಚಿದ್ದಾರೆ’ ಅನ್ನುತ್ತೇವೆ. ಯಾರು ಮುಚ್ಚಿದರು ಅನ್ನುವುದು ಅಲ್ಲಿ ಮುಖ್ಯವಲ್ಲ, ಕರ್ತೃವನ್ನು ಸುಮ್ನೆ ಬಿಟ್ಟುಬಿಡುತ್ತೇವೆ. ಇಂಗ್ಲಿಷಿನಲ್ಲಿ ಇದಕ್ಕೆ ಸಹಜವಾದ ವಾಕ್ಯ ‘ದಿ ರೋಡ್ ಹ್ಯಾಸ್ ಬೀನ್ ಕ್ಲೋಸ್ಡ್’. ‘ಬೈ’ ಬರಲೇ ಇಲ್ಲ ನೋಡಿ. ನಿಮ್ಮ ಪ್ರತಿಯೊಂದು ಉದಾಹರಣೆಯಲ್ಲೂ ‘ಬೈ’ ಇದೆ. ನಿಜವಾದ ಬರಹದಲ್ಲಿ ಸಿಗುವ ಪ್ಯಾಸಿವ್ ವಾಕ್ಯಗಳಲ್ಲಿ ‘ಬೈ’ ಇಲ್ಲದವೇ ಜಾಸ್ತಿ.

ನಿಮ್ಮ ಎಚ್ಚರಿಕೆ ಸರಿಹೊಂದುವ ಜಾಗವೂ ಇದೆ. ‘ಮಿಸ್ಟೇಕ್ಸ್ ವರ್ ಮೇಡ್’ ಅಂದಾಗ ತಪ್ಪು ಮಾಡಿದವರು ವಾಕ್ಯದಿಂದಲೇ ಜಾರಿಕೊಳ್ಳುತ್ತಾರೆ. ಹೊಣೆ ಯಾರದು ಎಂದು ತಿಳಿಯಬೇಕಾದ ಕಡೆ ಇಂಥ ವಾಕ್ಯ ಓದುಗರಿಗೆ ಮಾಡುವ ಅನ್ಯಾಯ. ಇದನ್ನು ಬಿಡಿಸಿ ಬರೆಯಿರಿ, ಒಂದು ಪ್ಯಾರಾ ಕೊಟ್ಟರೂ ನಷ್ಟವಿಲ್ಲ.

ಎರಡು ತಪ್ಪುಗಳನ್ನಂತೂ ತಿದ್ದಲೇಬೇಕು. ‘ದಿ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್’ ಎಂಬ ವಾಕ್ಯವೇ ಇಂಗ್ಲಿಷಿನಲ್ಲಿ ಇಲ್ಲ. ಹ್ಯಾಪನ್, ಅರೈವ್, ಇವು ಅಕರ್ಮಕ ಕ್ರಿಯಾಪದಗಳು. ಮುಂದೆ ತರಲು ಕರ್ಮವೇ ಇಲ್ಲದ ಮೇಲೆ ಪ್ಯಾಸಿವ್ ಎಲ್ಲಿಂದ ಬರಬೇಕು? ಹಾಗೆಯೇ ‘ಶಿ ವಾಸ್ ರೈಟಿಂಗ್’ ಪ್ಯಾಸಿವ್ ಅಲ್ಲ. ಬರೆಯುತ್ತಿದ್ದವಳು ಅವಳೇ ತಾನೆ? ‘ವಾಸ್’ ಕಂಡ ಕೂಡಲೇ ಪ್ಯಾಸಿವ್ ಅಂದುಕೊಳ್ಳುವವರು ತುಂಬಾ ಜನ ಇದ್ದಾರೆ. ನಿಮ್ಮ ಲೇಖನ ಆ ಗೊಂದಲವನ್ನು ಹೆಚ್ಚಿಸಬಾರದು. ಪಟ್ಟಿಯ ಕೊನೆಯಲ್ಲಿರುವ ‘ಹ್ಯಾಸ್ ಬೀನ್ ಬೀಯಿಂಗ್ ರಿಟನ್’ ತೆಗೆದುಹಾಕಿ, ಬಳಕೆಯಲ್ಲಿ ಅದು ತೀರಾ ಅಪರೂಪ.

ಮತ್ತೆ ಬರೆಯುವಾಗ ಬಿಡಿ ವಾಕ್ಯಗಳನ್ನು ಕೊಡಬೇಡಿ. ನಾಲ್ಕೈದು ಸಾಲಿನ ಒಂದು ಪ್ಯಾರಾ ತೆಗೆದುಕೊಂಡು, ಎಲ್ಲಿ ಪ್ಯಾಸಿವ್ ಬೇಕು, ಎಲ್ಲಿ ಬೇಡ ಎಂದು ಸಾಲು ಸಾಲಾಗಿ ತೋರಿಸಿ. ಪಟ್ಟಿ ಇರಲೇಬೇಕು ಅನಿಸಿದರೆ ಕೊನೆಯಲ್ಲಿ ಚಿಕ್ಕದಾಗಿ ಕೊಡಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.

ಇಂತಿ,
ಸಂಪಾದಕ