ಡಿಸ್ಟ್ರೋ ಚಿಂತೆ ಬಿಡಿ, ಮೊದಲು ಆ ಮೋಡೆಮ್ ಕಾರ್ಡ್ ಕಿತ್ತು ಹೊರಗಿಡಿ

ಅಪ್ಪನ ಹಳೇ ಕಂಪ್ಯೂಟರ್‌ನಲ್ಲಿರೋ 56ಕೆ (ಸೆಕೆಂಡಿಗೆ 56 ಕಿಲೋಬಿಟ್ ವೇಗದ) ಮೋಡೆಮ್ ಕಾರ್ಡನ್ನು, ಅಂದರೆ ಫೋನ್ ಲೈನ್ ಮೂಲಕ ಇಂಟರ್ನೆಟ್ ತರೋ ಕಾರ್ಡನ್ನು, ಲಿನಕ್ಸ್‌ನಲ್ಲಿ ಓಡಿಸಬೇಕು, ಮಗಳಿಗೆ ಆ ಕಿರ್ರ್ ಅನ್ನೋ ಸದ್ದು ಕೇಳಿಸಬೇಕು, ಅದಕ್ಕೆ ಯಾವ ಡಿಸ್ಟ್ರೋ, ಅಂದರೆ ಲಿನಕ್ಸ್‌ನ ಯಾವ ಆವೃತ್ತಿ, ಒಳ್ಳೇದು ಅಂತ ಕೇಳಿದ್ದೀರಿ.

2003ರ ಮೇ ತಿಂಗಳಲ್ಲಿ ನಾನೂ ಸಿಕ್ಕಸಿಕ್ಕವರನ್ನೆಲ್ಲ ಇದೇ ಕೇಳಿಕೊಂಡು ತಿರುಗಿದ್ದೆ. ಯಾವ ಡಿಸ್ಟ್ರೋ, ಯಾವ ಡಿಸ್ಟ್ರೋ ಅಂತ. ಡಿಸ್ಟ್ರೋದಿಂದ ಏನೂ ಆಗಲ್ಲ ಅಂತ ಒಬ್ಬರಾದರೂ ಹೇಳಿದ್ದರೆ ಮನೆಯಲ್ಲಿ ಅಷ್ಟು ರಾದ್ಧಾಂತ ಆಗುತ್ತಿರಲಿಲ್ಲ.

ಇಂಜಿನಿಯರಿಂಗ್ ಕೊನೇ ಪರೀಕ್ಷೆ ಮುಗಿಸಿ ತೀರ್ಥಹಳ್ಳಿ ಹತ್ತಿರದ ನಮ್ಮನೆಗೆ ಬಂದಿದ್ದೆ. ಬ್ಯಾಗಿನಲ್ಲಿ ರೆಡ್ ಹ್ಯಾಟ್ ಲಿನಕ್ಸ್ 9ರ ಮೂರು ಸಿಡಿ. ಆ ವರ್ಷದ ಮಾರ್ಚ್ ಕೊನೆಗೆ ಬಿಡುಗಡೆ ಆಗಿತ್ತು, ಹಾಸ್ಟೆಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಬರ್ನ್ ಮಾಡಿಕೊಂಡು ಹರಡಿತ್ತು. ನನಗೋ ಆಗ ಹುಚ್ಚು. ಬಂದ ದಿನವೇ ವಿಂಡೋಸ್ ಅಳಿಸಿ ಹಾಕಿದೆ. ಒಂದು ಪಾರ್ಟಿಶನ್‌ನಲ್ಲಾದರೂ ಉಳಿಸಿಕೊಳ್ಳೋಣ ಅನ್ನೋ ಬುದ್ಧಿ ಇರಲಿಲ್ಲ. ಕೆಲಸಕ್ಕೆ ಅರ್ಜಿ ಹಾಕಿದ್ದೆ, ಉತ್ತರ ಬರೋದು ಮೇಲ್‌ಗೆ. ಮೇಲ್ ನೋಡೋಕೆ ಆ ಮೋಡೆಮ್ ಒಂದೇ ದಾರಿ.

ಆ ಕಾರ್ಡ್ ಹತ್ತು ದಿನ ತಿಂದಿತು. ನಿಮ್ಮದೂ ತಿನ್ನುತ್ತದೆ. ಯಾಕೆ ಅಂದರೆ ಆ ಕಾಲದ ಅಗ್ಗದ ಕಾರ್ಡ್‌ಗಳಲ್ಲಿ ಹೆಚ್ಚಿನವು ಪೂರ್ತಿ ಮೋಡೆಮ್‌ಗಳೇ ಅಲ್ಲ. ಫೋನ್ ಲೈನಿನ ಸದ್ದನ್ನು ಬಿಟ್‌ಗಳಾಗಿ ಮಾಡುವ ಲೆಕ್ಕವನ್ನು ಒಳ್ಳೇ ಮೋಡೆಮ್ ತನ್ನ ಚಿಪ್‌ನಲ್ಲೇ ಮಾಡಿಕೊಳ್ಳುತ್ತದೆ. ಇವು ದುಡ್ಡು ಉಳಿಸೋಕೆ ಆ ಕೆಲಸವನ್ನು ವಿಂಡೋಸ್ ಡ್ರೈವರ್ (ಕಾರ್ಡನ್ನು ಓಡಿಸುವ ಸಾಫ್ಟ್‌ವೇರ್) ತಲೆಗೆ ಕಟ್ಟಿದವು. ಅದಕ್ಕೇ ಇವನ್ನು ವಿನ್‌ಮೋಡೆಮ್ ಅಂತ ಕರೆಯೋದು. ವಿಂಡೋಸ್ ತೆಗೆದರೆ ಉಳಿಯೋದು ಫೋನ್ ಜ್ಯಾಕ್ ಇರುವ ಒಂದು ಹಸಿರು ಹಲಗೆ. ಲಿನಕ್ಸ್‌ನಲ್ಲಿ ಇವಕ್ಕೆ ಪ್ರಾಣ ತುಂಬಲು ಲಿನ್‌ಮೋಡೆಮ್ಸ್ ಅಂತ ಒಂದು ಗುಂಪೇ ಇತ್ತು. ಸ್ಕ್ಯಾನ್‌ಮೋಡೆಮ್ ಅನ್ನೋ ಅವರ ಸ್ಕ್ರಿಪ್ಟ್ ಓಡಿಸಿದರೆ ಯಾವ ಚಿಪ್, ಯಾವ ಡ್ರೈವರ್ ಅಂತ ಹೇಳುತ್ತಿತ್ತು. ಲೂಸೆಂಟ್ ಚಿಪ್ ಆದರೆ ಎಲ್‌ಟಿ ಮೋಡೆಮ್, ಸ್ಮಾರ್ಟ್ ಲಿಂಕ್ ಆದರೆ ಎಸ್‌ಎಲ್ ಮೋಡೆಮ್, ಹೀಗೆ. ಕೊನೆಕ್ಸಂಟ್ ಚಿಪ್‌ನ ಡ್ರೈವರ್ ಪುಕ್ಕಟೆ ಸಿಕ್ಕರೂ 14.4 ಕೆಬಿಪಿಎಸ್‌ಗೇ ನಿಲ್ಲುವಂತೆ ಮಾಡಿದ್ದ ಕಾಲವೂ ಇತ್ತು. ಪೂರ್ತಿ ವೇಗ ಬೇಕಾದರೆ ದುಡ್ಡು ಕೊಡಬೇಕು.

ಡ್ರೈವರ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದು ನಿಮ್ಮ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿನ ಆವೃತ್ತಿಗೆ, ಹೊಂದಬೇಕು. ನನ್ನದು 2.4.20-8. ಅದಕ್ಕೇ ಕಂಪೈಲ್ ಆದದ್ದು ಬೇಕು, ಇಲ್ಲವೇ ಸೋರ್ಸ್ (ಮೂಲ ಕೋಡ್) ತಂದು ನಾವೇ ಕಂಪೈಲ್ ಮಾಡಬೇಕು, ಅಂದರೆ ಓಡುವ ರೂಪಕ್ಕೆ ತರಬೇಕು. ಇಂಟರ್ನೆಟ್ ಇಲ್ಲದ ಮನೆಗೆ ಇಂಟರ್ನೆಟ್ ತರೋ ಡ್ರೈವರನ್ನು ಇಂಟರ್ನೆಟ್‌ನಿಂದಲೇ ಇಳಿಸಿಕೊಳ್ಳಬೇಕು! ಬಸ್ಸು ಹತ್ತಿ ಪೇಟೆಯ ಸೈಬರ್ ಕೆಫೆಗೆ ಹೋಗೋದು, ಫ್ಲಾಪಿಗೆ ತುಂಬಿಸೋದು, ಮನೆಗೆ ಬಂದು ನೋಡಿದರೆ ಎರಡನೇ ಫ್ಲಾಪಿ ಓದೋದೇ ಇಲ್ಲ. ಮಾರನೇ ದಿನ ಮತ್ತೆ ಬಸ್ಸು. ಈಗಿನ ಕರ್ನಲ್‌ಗಳ ಮೇಲೆ ಆ ಹಳೇ ಡ್ರೈವರ್‌ಗಳನ್ನು ಕೂರಿಸಲು ಹೊರಟರೆ ಇದರ ಹತ್ತರಷ್ಟು ಪಾಡು. ನಿಮ್ಮ ಡಿಸ್ಟ್ರೋ ಪ್ರಶ್ನೆಯನ್ನು ನಾನು ಒಪ್ಪದಿರುವುದು ಇದಕ್ಕೇ.

ನಾನು ಬಚಾವಾಗಿದ್ದು ಒಂದು ಎಕ್ಸ್‌ಟರ್ನಲ್ ಮೋಡೆಮ್‌ನಿಂದ. ಶಿವಮೊಗ್ಗದ ಸೈಬರ್ ಕೆಫೆಯೊಂದು ಐಎಸ್‌ಡಿಎನ್ ಅನ್ನೋ ಡಿಜಿಟಲ್ ಫೋನ್ ಲೈನ್ ಹಾಕಿಸಿಕೊಂಡು ಹಳೇ ಮೋಡೆಮ್ ಮಾರುತ್ತಿತ್ತು. ಸೀರಿಯಲ್ ಪೋರ್ಟ್‌ಗೆ ಸಿಕ್ಕಿಸುವ, ಎದುರುಗಡೆ ಸಾಲಾಗಿ ಕೆಂಪು ದೀಪ ಇರುವ ಡಬ್ಬ. ಅದಕ್ಕೆ ಡ್ರೈವರ್ ಅನ್ನೋದೇ ಬೇಡ. ಕಾಮ್1ಗೆ, ಅಂದರೆ ಮೊದಲ ಸೀರಿಯಲ್ ಪೋರ್ಟ್‌ಗೆ, ಹಾಕಿದರೆ ಲಿನಕ್ಸ್‌ಗೆ ಅದು ಟಿಟಿವೈಎಸ್0, ಅಷ್ಟೇ. ಮೋಡೆಮ್ ಜೊತೆ ಮಾತಾಡುವ ಮಿನಿಕಾಮ್ ಪ್ರೋಗ್ರಾಂ ತೆಗೆದು ಎಟಿ ಅಂತ ಹೊಡೆದೆ, ಕೇಳಿಸ್ತಾ ಅಂತ ಕೇಳಿದ ಹಾಗೆ. ಓಕೆ ಅಂತ ಬಂತು. ಹತ್ತು ದಿನದಲ್ಲಿ ಆ ಕಂಪ್ಯೂಟರ್ ನನಗೆ ಕೊಟ್ಟ ಮೊದಲ ಒಳ್ಳೇ ಮಾತು ಅದು.

ನಮ್ಮ ಕಡೆ ಇನ್ನೊಂದು ಲಾಭವೂ ಇದೆ. ಆಗುಂಬೆ ಸುತ್ತಿನ ಗುಡುಗು ಸಿಡಿಲು ನಿಮಗೆ ಗೊತ್ತಿದ್ದರೆ ಹೇಳೋದೇ ಬೇಡ. ಲೈನಿನಲ್ಲಿ ಸಿಡಿಲು ಬಂದರೆ ಒಳಗಿನ ಕಾರ್ಡ್ ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಬಹುದು. ಹೊರಗಿನ ಡಬ್ಬ ಆದರೆ ಎಷ್ಟೋ ಸಲ ತಾನೊಂದೇ ಸಾಯುತ್ತದೆ.

ಆಮೇಲೆ ಡಬ್ಲ್ಯುವಿಡಯಲ್‌ ಅನ್ನೋ ಡಯಲ್ ಮಾಡುವ ಪ್ರೋಗ್ರಾಂನಲ್ಲಿ ಇಂಟರ್ನೆಟ್ ಕಂಪನಿಯ ನಂಬರು, ಯೂಸರ್ ನೇಮ್, ಪಾಸ್‌ವರ್ಡ್ ತುಂಬಿ ಓಡಿಸಿದೆ. 'ನೋ ಡಯಲ್ ಟೋನ್' ಅಂತು. ರಿಸೀವರ್ ಎತ್ತಿ ಕಿವಿಗಿಟ್ಟರೆ ಡಯಲ್ ಟೋನ್ ಚೆನ್ನಾಗೇ ಇದೆ. ವಿಷಯ ಏನಂದರೆ, ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್‌ನ ಎರಡು ಸ್ವರ ಸೇರಿದ್ದು. ನಮ್ಮದು 400 ಹರ್ಟ್ಸ್‌ನ ಸ್ವರ, 25 ಹರ್ಟ್ಸ್‌ನಲ್ಲಿ ನಡುಗುವಂಥದ್ದು. ಅಲ್ಲಿನ ಟೋನ್‌ಗೆ ಪಳಗಿದ ಕೆಲವು ಮೋಡೆಮ್‌ಗಳಿಗೆ ನಮ್ಮ ಎಕ್ಸ್‌ಚೇಂಜಿನ ಸ್ವರ ಟೋನೇ ಅಲ್ಲ. ನಮ್ಮೂರಿನದು ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರ ಹಳ್ಳಿ ಎಕ್ಸ್‌ಚೇಂಜ್. ಆ ಜಾತಿಯ ಮೊದಲನೆಯದು 1986ರಲ್ಲಿ ಶುರುವಾದದ್ದು ನಮ್ಮ ಕಿತ್ತೂರಿನಲ್ಲೇ. ಅಷ್ಟು ಹೆಮ್ಮೆಯ ಟೋನನ್ನು ಈ ಡಬ್ಬ ಗುರುತಿಸಲಿಲ್ಲ! ಡಯಲ್ ಮಾಡೋ ಮುಂಚೆ ಮೋಡೆಮ್‌ಗೆ ಹೋಗೋ ಇನಿಟ್ ಸಾಲಿಗೆ ಎಟಿಎಕ್ಸ್3 ಅಂತ ಸೇರಿಸಿದೆ. ಟೋನಿಗೆ ಕಾಯಬೇಡ, ಸುಮ್ನೆ ಡಯಲ್ ಮಾಡು ಅಂತ ಅರ್ಥ. ಮಾಡಿತು. ಆ ಕಡೆ ಎತ್ತಿಕೊಂಡರು. ಕಿರ್ರ್, ಕೊಂಯ್, ಬುಸ್. ಅಮ್ಮ ಅಡುಗೆಮನೆಯಿಂದ ಓಡಿ ಬಂದರು, ಏನೋ ಸುಟ್ಟುಹೋಯಿತು ಅಂದುಕೊಂಡು.

ಕನೆಕ್ಟ್ ಆಯಿತು. ಆದರೆ ಒಂದೂ ಪೇಜು ತೆರೆಯಲಿಲ್ಲ.

ಇಲ್ಲೇ ನಾನು ಕೆಟ್ಟಿದ್ದು. ನೀವು ಮಿಕ್ಕಿದ್ದು ಮರೆತರೂ ಇದನ್ನು ಮರೆಯಬೇಡಿ. ಇಫ್‌ಕಾನ್ಫಿಗ್ ಕಮಾಂಡ್ ಹೊಡೆದರೆ ಪಿಪಿಪಿ0, ಅಂದರೆ ಮೋಡೆಮ್ ಸಂಪರ್ಕ, ಕಾಣುತ್ತದೆ. ಐಪಿ ವಿಳಾಸ ಬಂದಿದೆ. ಆ ಕಡೆಯ ವಿಳಾಸಕ್ಕೆ ಪಿಂಗ್ ಮಾಡಿದರೆ, ಅಂದರೆ ಇದ್ದೀಯಾ ಅಂತ ಕೂಗಿದರೆ, ಉತ್ತರವೂ ಬರುತ್ತದೆ. ಅದರಾಚೆ ಮಾತ್ರ ಏನೂ ಇಲ್ಲ. ನಾನು ಡಿಎನ್ಎಸ್, ಅಂದರೆ ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ, ತಪ್ಪು ಅಂದುಕೊಂಡೆ. ಅದರ ರಿಸಾಲ್ವ್ ಡಾಟ್ ಕಾನ್ಫ್ ಫೈಲನ್ನು ಎಷ್ಟು ಸಲ ತಿದ್ದಿದೆನೋ ಲೆಕ್ಕ ಇಲ್ಲ. ಪಾಸ್‌ವರ್ಡ್ ಬದಲಾಯಿಸಿದೆ. ಮೋಡೆಮ್ ವೇಗ ಇಳಿಸಿದೆ. ಕೇಬಲ್ ಬದಲಾಯಿಸಿದೆ. ಲೈನ್‌ಮ್ಯಾನ್ ಬಂದು ಲೈನ್ ನೋಡಿ, ಕಾಫಿ ಕುಡಿದು, "ಲೈನ್ ಸರಿ ಇದೆ, ನಿಮ್ಮ ಡಬ್ಬ ನೋಡ್ಕಳಿ" ಅಂತ ಹೋದರು. ಕೊನೆಗೆ ಲಿನಕ್ಸನ್ನೇ ಮತ್ತೆ ಹಾಕಿದೆ, ಎರಡು ಸಲ. ಎರಡೂ ಸಲ ಅದೇ ತಪ್ಪನ್ನು ನನ್ನ ಕೈಯಾರೆ ಮತ್ತೆ ಟೈಪ್ ಮಾಡಿದೆ.

ಏನು ತಪ್ಪು ಅಂದರೆ, ಇನ್‌ಸ್ಟಾಲ್ ಮಾಡುವಾಗ ನೆಟ್‌ವರ್ಕ್ ಅಂತ ಒಂದು ಪರದೆ ಬರುತ್ತಿತ್ತು. ಆ ಕಂಪ್ಯೂಟರ್‌ನ ಬೋರ್ಡ್‌ನಲ್ಲೇ ಲ್ಯಾನ್ ಪೋರ್ಟ್, ಅಂದರೆ ಕಂಪ್ಯೂಟರ್‌ಗಳನ್ನು ವೈರಿನಿಂದ ಜೋಡಿಸುವ ಕಿಂಡಿ, ಇತ್ತು. ಅದಕ್ಕೆ ಯಾವ ವೈರೂ ಹಾಕಿರಲಿಲ್ಲ, ಹಾಕೋಕೆ ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ರೇ ಇಲ್ಲ. ಆದರೂ ಕಾಲೇಜ್ ಲ್ಯಾಬಿನ ಚಾಳಿ ನೋಡಿ, ಖಾಲಿ ಬಿಡೋಕೆ ಮನಸ್ಸು ಬರಲಿಲ್ಲ. ಐಪಿ 192.168.0.2, ಗೇಟ್‌ವೇ 192.168.0.1 ಅಂತ ತುಂಬಿಸಿದೆ. ತುಂಬಿಸಿದ್ದು ಮರೆತೂ ಹೋಯಿತು.

ಗೇಟ್‌ವೇ ಅಂದರೆ, ಊರ ಹೊರಗೆ ಹೋಗೋ ಕಾಗದವನ್ನೆಲ್ಲ ಈ ಡಬ್ಬಿಗೆ ಹಾಕು ಅಂತ ಕಂಪ್ಯೂಟರ್‌ಗೆ ಹೇಳಿದ ಹಾಗೆ. ನಾನು ತೋರಿಸಿದ ಡಬ್ಬಿ ಲ್ಯಾನ್ ಪೋರ್ಟ್ ಕಡೆಗಿತ್ತು. ಅದನ್ನು ತೆಗೆಯುವ ಪೋಸ್ಟ್‌ಮ್ಯಾನೇ ಇಲ್ಲ. ಮೋಡೆಮ್ ಕನೆಕ್ಟ್ ಆದಾಗ ಆ ಸಂಪರ್ಕ ನೋಡಿಕೊಳ್ಳುವ ಪಿಪಿಪಿಡಿ ಪ್ರೋಗ್ರಾಂ ಬಂದು, ಇನ್ನು ಮೇಲೆ ಡೀಫಾಲ್ಟ್ ದಾರಿ ಫೋನ್ ಲೈನ್ ಅಂತ ಬರೆಯಬೇಕು. ಆದರೆ ಅದು ಸಭ್ಯ ಪ್ರಾಣಿ. ಯಜಮಾನರು ಆಗಲೇ ಒಂದು ದಾರಿ ಬರೆದಿದ್ದಾರೆ, ನಾನು ಯಾಕೆ ಅಳಿಸಲಿ ಅಂತ ಬಿಟ್ಟುಬಿಡುತ್ತದೆ. ಹಾಗಂತ ಲಾಗ್ ಫೈಲಿನಲ್ಲಿ ಒಂದು ಸಾಲು ಬರೆದೂ ಇಡುತ್ತದೆ: ಇಟಿಎಚ್0 (ಲ್ಯಾನ್ ಪೋರ್ಟ್) ಮೇಲೆ ಈಗಾಗಲೇ ಇರುವ ಡೀಫಾಲ್ಟ್ ರೂಟನ್ನು ಬದಲಿಸುತ್ತಿಲ್ಲ ಅಂತ. ನಾನು ಕನೆಕ್ಟ್ ಆದ ಪ್ರತಿ ಸಲವೂ ಆ ಸಾಲು ಬಿದ್ದಿದೆ. ಲಾಗ್ ನೋಡಿದ್ದೆ ಕೂಡ. ಎರರ್ ಅನ್ನೋ ಪದ ಹುಡುಕುತ್ತಿದ್ದೆ. ಅದರಲ್ಲಿ ಆ ಪದ ಇರಲಿಲ್ಲ, ಕಣ್ಣು ಮುಂದಕ್ಕೆ ಜಾರಿತು. ಆ ಕಡೆಯ ವಿಳಾಸಕ್ಕೆ ಪಿಂಗ್ ಯಾಕೆ ಹೋಗುತ್ತಿತ್ತು ಅಂದರೆ, ಅದು ನೇರ ಪಕ್ಕದ ಮನೆ, ಅದಕ್ಕೆ ಡೀಫಾಲ್ಟ್ ದಾರಿ ಬೇಕಿಲ್ಲ. ಆ ಪಿಂಗ್ ಒಂದು ಹೋಗದೇ ಇದ್ದಿದ್ದರೆ ನಾನು ಬೇಗ ಬೇರೆ ಕಡೆ ಹುಡುಕುತ್ತಿದ್ದೆನೋ ಏನೋ.

ಕಂಡುಹಿಡಿದದ್ದು ಬೆಂಗಳೂರಿನಲ್ಲಿದ್ದ ಹಾಸ್ಟೆಲ್ ಸೀನಿಯರ್. ಇದ್ದದ್ದು ಒಂದೇ ಲೈನು. ಇಂಟರ್ನೆಟ್ ಇದ್ದಾಗ ಅವರಿಗೆ ಫೋನ್ ಮಾಡೋ ಹಾಗಿಲ್ಲ, ಫೋನಿನಲ್ಲಿದ್ದಾಗ ಇಂಟರ್ನೆಟ್ ಇಲ್ಲ. ಡಯಲ್ ಮಾಡೋದು, ಪರದೆ ಮೇಲೆ ಬಂದದ್ದನ್ನು ಹಳೇ ಲ್ಯಾಬ್ ರೆಕಾರ್ಡ್ ಹಿಂದೆ ಬರೆದುಕೊಳ್ಳೋದು, ಕತ್ತರಿಸೋದು, ಎಸ್‌ಟಿಡಿ ಮಾಡಿ ಓದಿ ಹೇಳೋದು. ಮೂರನೇ ಸಲಕ್ಕೆ ಅವರು ದಾರಿಗಳ ಪಟ್ಟಿ ತೋರಿಸುವ ರೂಟ್ ಹೈಫನ್ ಎನ್ ಕಮಾಂಡ್ ಕೊಟ್ಟು ಬಂದದ್ದು ಓದು ಅಂದರು. ಓದಿದೆ.

"ಲೋ, ನಿಮ್ಮನೇಲಿ 192.168.0.1 ಯಾರೋ?"

"ಯಾರೂ ಇಲ್ಲ."

"ಮತ್ತೆ ಎಲ್ಲಾ ತಗೊಂಡೋಗಿ ಅವನಿಗ್ಯಾಕೋ ಕೊಡ್ತಿದೀಯ?"

ಗೇಟ್‌ವೇ ಸಾಲು ಅಳಿಸಿದೆ. ಡಯಲ್ ಮಾಡಿದೆ. ಪೇಜು ತೆರೆಯಿತು, ಮೇಲಿಂದ ಕೆಳಗೆ ಪರದೆ ಇಳಿಬಿಟ್ಟ ಹಾಗೆ ನಿಧಾನಕ್ಕೆ. ಮೇಲ್‌ಬಾಕ್ಸಿನಲ್ಲಿ ಇಂಟರ್‌ವ್ಯೂ ಕಾಗದ ಇತ್ತು. ತಾರೀಖು ಕಳೆದು ಆರು ದಿನ ಆಗಿತ್ತು.

ಆ ತಿಂಗಳ ಫೋನ್ ಬಿಲ್ಲು ಬಂದಾಗ ಅಪ್ಪಯ್ಯ ಜಗಲಿಯಲ್ಲಿ ಕೂತು ಎರಡು ಸಲ ಓದಿದರು. ಮುನ್ನೂರರ ಒಳಗೆ ಇರುತ್ತಿದ್ದ ಬಿಲ್ಲು ಸಾವಿರದ ಮುನ್ನೂರು ದಾಟಿತ್ತು. ಡಯಲ್ ಟೋನ್ ಸಿಗದೇ ಒದ್ದಾಡಿದ ದಿನಗಳಿಗೆ ಒಂದು ಪೈಸೆಯೂ ಬಿದ್ದಿರಲಿಲ್ಲ. ಎಲ್ಲ ಸರಿಯಾಗಿ ಕನೆಕ್ಟ್ ಆದ ಮೇಲೇ ಮೀಟರ್ ಓಡಿದ್ದು. "ಎಂತ ಮಾರಾಯ, ನಾಲ್ಕು ವರ್ಷ ಓದಿ ಫೋನ್ ಮಾಡೋದು ಕಲಿತದ್ದು ಇದೇನಾ?" ಅಂದರು. ನಾನು ರೂಟು, ಗೇಟ್‌ವೇ ಅಂತ ಶುರು ಮಾಡಿದೆ. ಅವರು ಎದ್ದು ತೋಟಕ್ಕೆ ಹೋದರು.

ಸರಿ, ನಿಮ್ಮ ವಿಷಯ. ಎಲ್ಎಸ್‌ಪಿಸಿಐ ಕಮಾಂಡ್ ಓಡಿಸಿ ಆ ಕಾರ್ಡ್ ಯಾವುದು ಅಂತ ನೋಡಬಹುದು, ಕುತೂಹಲಕ್ಕೆ. ನೋಡಿ ಆದ ಮೇಲೆ ಕಿತ್ತು ಶೋಕೇಸಿನಲ್ಲಿಡಿ. ಹಳೇ ಸೀರಿಯಲ್ ಮೋಡೆಮ್ ಸೆಕೆಂಡ್‌ಹ್ಯಾಂಡ್‌ನಲ್ಲಿ ಹುಡುಕಿ. ಸೀರಿಯಲ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ ರೋಬೋಟಿಕ್ಸ್‌ನ 5637ರಂಥ ಯುಎಸ್‌ಬಿ ಮೋಡೆಮ್. ಲಿನಕ್ಸ್ ಅದನ್ನು ತಾನೇ ಟಿಟಿವೈಎಸಿಎಂ0 ಅಂತ ಗುರುತಿಸುತ್ತದೆ. ಯುಎಸ್‌ಬಿ ಅಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯವಲ್ಲ, ಅವುಗಳಲ್ಲೂ ವಿನ್‌ಮೋಡೆಮ್‌ಗಳಿವೆ. ಡಿಸ್ಟ್ರೋ ನಿಮಗೆ ಇಷ್ಟ ಬಂದದ್ದು. ಡೆಬಿಯನ್ ಸಾಕು.

ಆದರೆ ಡಯಲ್ ಮಾಡೋದು ಯಾರಿಗೆ? ಅಮೆರಿಕದಲ್ಲಿ ಹಳೇ ಇಂಟರ್ನೆಟ್ ಕಂಪನಿ ಎಒಎಲ್ ಕೂಡ 2025ರ ಸೆಪ್ಟೆಂಬರ್ 30ಕ್ಕೆ ಡಯಲ್-ಅಪ್ ಮುಚ್ಚಿತು. ನಿಮ್ಮ ಮನೆಯ ಲ್ಯಾಂಡ್‌ಲೈನ್ ಈಗ ಫೈಬರ್ ಡಬ್ಬದಿಂದ ಬರುತ್ತಿದ್ದರೆ, ಆ ಲೈನಿನಲ್ಲಿ ಮೋಡೆಮ್ ನೆಟ್ಟಗೆ ಕೆಲಸ ಮಾಡೋದೂ ಅನುಮಾನ. ಅದಕ್ಕೇ ಎರಡು ಮೋಡೆಮ್ ಕೊಳ್ಳಿ. ಎರಡು ಕಂಪ್ಯೂಟರ್, ನಡುವೆ ಒಂದು ಫೋನ್ ವೈರು. ಈ ಕಡೆ ಎಟಿಎಕ್ಸ್3ಡಿ (ಡಯಲ್ ಮಾಡು), ಆ ಕಡೆ ಎಟಿಎ (ಎತ್ತಿಕೋ). ಬಹಳಷ್ಟು ಮೋಡೆಮ್‌ಗಳು ಎಕ್ಸ್‌ಚೇಂಜ್ ಇಲ್ಲದೆಯೂ ಹೀಗೆ ಮಾತಾಡಿಕೊಳ್ಳುತ್ತವೆ. ಹಟ ಮಾಡಿದರೆ ಎರಡು ಫೋನ್ ಜ್ಯಾಕ್ ಇರುವ ವಿಒಐಪಿ (ಇಂಟರ್ನೆಟ್ ಫೋನ್) ಅಡಾಪ್ಟರ್ ನಡುವೆ ಹಾಕಿ, ಅದರಲ್ಲಿ ಸದ್ದನ್ನು ಹೆಚ್ಚು ಹಿಂಡದ ಜಿ.711 ಕೋಡೆಕ್ ಇಟ್ಟುಕೊಳ್ಳಿ. 56ಕೆ ಮಾತ್ರ ಸಿಗಲ್ಲ. ಅದಕ್ಕೆ ಒಂದು ತುದಿ ಡಿಜಿಟಲ್ ಇರಬೇಕು. ಎರಡು ಮಾಮೂಲಿ ಮೋಡೆಮ್‌ಗಳ ನಡುವೆ 33.6ಕೆ ಮೇಲೆ ಹೋಗಲ್ಲ. ಮಗಳಿಗೆ ಬೇಕಾದ್ದು ಸದ್ದು ತಾನೆ? ಎಟಿಎಂ1ಎಲ್3 ಕೊಡಿ, ಸ್ಪೀಕರ್ ಜೋರಾಗಿ ಕೂಗುತ್ತದೆ.

ಇನ್ನೊಂದು. ಡಯಲ್ ಮಾಡೋ ಕಂಪ್ಯೂಟರ್‌ನಲ್ಲಿ ವೈಫೈ ಆನ್ ಇದ್ದರೆ ಡೀಫಾಲ್ಟ್ ರೂಟ್ ಆಗಲೇ ಅದರ ಕಡೆ ಇರುತ್ತದೆ, ನನ್ನ 192.168.0.1 ಥರಾನೇ. ಈಗಿನ ಪಿಪಿಪಿಡಿಯಲ್ಲಿ ರಿಪ್ಲೇಸ್ ಡೀಫಾಲ್ಟ್ ರೂಟ್ ಅಂತ ಆಯ್ಕೆ ಇದೆ, ಆದರೂ ವೈಫೈ ಆಫ್ ಮಾಡಿಬಿಡಿ. ಕಿರ್ರ್ ಅಂದು ಮುಗಿದ ಮೇಲೆ ಪೇಜು ಸರ್ರಂತ ತೆರೆದರೆ, ಮಗಳೆದುರು ಬೀಗಬೇಡಿ. ಅದು ವೈಫೈ.